ಮನೆಯಲ್ಲೇ ಮೊದಲ ಆರ್ಕೇಡ್ ಕ್ಯಾಬಿನೆಟ್: ಆಟದ ಪಟ್ಟಿಯಿಂದ ಪ್ಲೈವುಡ್‌ವರೆಗೆ

ಕಾಯಿನ್ ಹಾಕಿ ಆಡುತ್ತಿದ್ದ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಮನೆಯಲ್ಲೇ ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಪ್ಲೈವುಡ್ ಅಂಗಡಿಗೆ ಹೋಗುತ್ತಾರೆ. ತೊಂದರೆ ಅಲ್ಲೇ ಶುರುವಾಗುತ್ತದೆ. ಹಲಗೆ ಕೊಯ್ದಾದ ಮೇಲೆ ನೋಡಿದರೆ ಮಾನಿಟರ್ ಅರ್ಧ ಸೆಂಟಿಮೀಟರ್ ಅಗಲ ಜಾಸ್ತಿ ಇರುತ್ತದೆ. ಬಟನ್ ತೂತು 28 ಮಿ.ಮೀ.ಗೆ ಕೊರೆಸಿರುತ್ತಾರೆ, ಕೊರಿಯರ್‌ನಲ್ಲಿ ಬಂದದ್ದು 30ರ ಬಟನ್. ಆದ್ದರಿಂದ ಮರ ಕೊನೆಗಿರಲಿ. ಮೊದಲು ಆಡಬೇಕಾದ ಆಟಗಳ ಪಟ್ಟಿ ಮಾಡಿ. ಜಾಯ್‌ಸ್ಟಿಕ್ ಮತ್ತು ಬಟನ್ ಯಾವುವು ಎಂದು ಆ ಪಟ್ಟಿಯೇ ಹೇಳುತ್ತದೆ. ನಂತರ ಪರದೆ, ಕಂಪ್ಯೂಟರ್, ಕರೆಂಟಿನ ಸಾಮಾನು. ಎಲ್ಲವೂ ಕೈಗೆ ಬಂದು, ಟೇಪು ಹಿಡಿದು ಅಳೆದ ಮೇಲಷ್ಟೇ ಗರಗಸ.

ಆಟದ ಪಟ್ಟಿ

ಒಂದು ಹಾಳೆಯಲ್ಲಿ ನಿಜವಾಗಿಯೂ ಆಡುವ ಹತ್ತು ಆಟಗಳನ್ನಷ್ಟೇ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ವಿವರ ಇರಲಿ: ಜಾಯ್‌ಸ್ಟಿಕ್ ಎಷ್ಟು ದಿಕ್ಕಿನದು, ಬಟನ್ ಎಷ್ಟು, ಪರದೆ ಅಡ್ಡವೋ ಉದ್ದವೋ.

ಉದಾಹರಣೆಗೆ 1980ರ ಪ್ಯಾಕ್‌ಮ್ಯಾನ್‌ಗೆ ಬೇಕಾದದ್ದು ನಾಲ್ಕು ದಿಕ್ಕಿನ ಜಾಯ್‌ಸ್ಟಿಕ್ ಮಾತ್ರ, ಬಟನ್ ಬೇಡ, ಪರದೆ ಉದ್ದ. 1981ರ ಡಾಂಕಿ ಕಾಂಗ್‌ಗೆ ನಾಲ್ಕು ದಿಕ್ಕು, ಒಂದು ಬಟನ್, ಉದ್ದ ಪರದೆ. ನಮ್ಮೂರ ಗೇಮ್ ಅಂಗಡಿಗಳಲ್ಲಿ ‘ಮುಸ್ತಫಾ’ ಎಂದೇ ಹೆಸರಾದ 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್‌ಗೆ ಎಂಟು ದಿಕ್ಕು, ಎರಡೇ ಬಟನ್, ಅಡ್ಡ ಪರದೆ. ಎಸ್‌ಎನ್‌ಕೆ ಕಂಪನಿಯ ನಿಯೋ ಜಿಯೋ ಯಂತ್ರದ ಆಟಗಳಿಗೆ ನಾಲ್ಕು ಬಟನ್. 1991ರ ಸ್ಟ್ರೀಟ್ ಫೈಟರ್ 2ಕ್ಕೆ ಆರು: ಮೂರು ಗುದ್ದಿಗೆ, ಮೂರು ಒದೆತಕ್ಕೆ.

ಪಟ್ಟಿಯಲ್ಲಿ ಸ್ಟ್ರೀಟ್ ಫೈಟರ್ ಜಾತಿಯ ಆಟ ಇಲ್ಲದಿದ್ದರೆ ಆಟಗಾರನಿಗೆ ನಾಲ್ಕು ಬಟನ್ ಸಾಕು. ಇದ್ದರೆ ಆರು. ಎಂಟು ಬಟನ್ ಹಾಕುವುದರಿಂದ ತೂತು ಹೆಚ್ಚುತ್ತದೆಯೇ ಹೊರತು ಆಟ ಸುಧಾರಿಸುವುದಿಲ್ಲ. ಸ್ಟಿಯರಿಂಗ್, ಟ್ರ್ಯಾಕ್‌ಬಾಲ್, ಲೈಟ್ ಗನ್ ಬೇಡುವ ಆಟಗಳನ್ನು ಮೊದಲ ಕ್ಯಾಬಿನೆಟ್‌ನಿಂದ ಕೈಬಿಡಿ. ಅವು ಪ್ರತಿಯೊಂದೂ ಬೇರೆ ಬಗೆಯ ಫಲಕ ಕೇಳುತ್ತವೆ. ಮುಸ್ತಫಾವನ್ನು ಮೂವರು ಆಡಬಹುದು ನಿಜ, ಆದರೆ ಮೂವರು ಭುಜ ತಾಗದೆ ನಿಲ್ಲಬೇಕಾದರೆ ಕ್ಯಾಬಿನೆಟ್ ತುಂಬಾ ಅಗಲವಾಗುತ್ತದೆ. ಇಬ್ಬರಿಗೇ ಮಾಡಿ.

ಆಕಾರ: ನಿಲುವು ಬೇಡ, ಮೇಜಿನ ಮೇಲಿನದು ಸಾಕು

ಆಳೆತ್ತರದ ನಿಲುವು ಕ್ಯಾಬಿನೆಟ್ ನೋಡಲು ಚೆಂದ. ಆದರೆ 18 ಮಿ.ಮೀ. ಎಂಡಿಎಫ್‌ನ (ಮರದ ನಾರು ಒತ್ತಿ ಮಾಡಿದ ಹಲಗೆ) ಒಂದು 8×4 ಅಡಿ ಶೀಟ್ ಸುಮಾರು 40 ಕೆ.ಜಿ. ತೂಗುತ್ತದೆ, ನಿಲುವು ಕ್ಯಾಬಿನೆಟ್‌ಗೆ ಅಂಥವು ಎರಡು ಬೇಕಾಗುತ್ತವೆ. ಬಾಡಿಗೆ ಮನೆಯಲ್ಲಿ, ಮೂರನೇ ಮಹಡಿಯಲ್ಲಿ ಇದ್ದವರಿಗೆ ಅದು ದೊಡ್ಡ ಹೊರೆ. ಮೊದಲ ಸಲಕ್ಕೆ ಮೇಜಿನ ಮೇಲೆ ಇಡುವ ಬಾರ್‌ಟಾಪ್ ಮಾಡಿ. ಆಮೇಲೆ ಬೇಕೆನಿಸಿದರೆ ಅದಕ್ಕೊಂದು ಸ್ಟ್ಯಾಂಡ್ ಮಾಡಿಸಿದರಾಯಿತು, ನಿಲುವು ಕ್ಯಾಬಿನೆಟ್ ತಾನಾಗೇ ಆಗುತ್ತದೆ.

ಎತ್ತರದ ಲೆಕ್ಕ ಮಾತ್ರ ಈಗಲೇ ಹಾಕಿ. ನಿಂತು ಆಡಲು ಜಾಯ್‌ಸ್ಟಿಕ್ ಇರುವ ಫಲಕ ನೆಲದಿಂದ 900ರಿಂದ 1000 ಮಿ.ಮೀ. ಎತ್ತರದಲ್ಲಿರಬೇಕು. ಬಾರ್‌ಟಾಪ್‌ನ ಫಲಕ ತನ್ನ ತಳದಿಂದ ಸುಮಾರು 130 ಮಿ.ಮೀ. ಮೇಲಿರುತ್ತದೆ. ಊಟದ ಮೇಜು ಸಾಮಾನ್ಯವಾಗಿ 750 ಮಿ.ಮೀ. ಎತ್ತರ. ಅದರ ಮೇಲಿಟ್ಟರೆ ಫಲಕ 880ಕ್ಕೆ ಬರುತ್ತದೆ: ನಿಂತವರಿಗೆ ಸ್ವಲ್ಪ ತಗ್ಗು, ಸಾಧಾರಣ ಕುರ್ಚಿಯಲ್ಲಿ ಕೂತವರಿಗೆ ಭುಜ ನೋಯುವಷ್ಟು ಎತ್ತರ. ಸುಲಭವಾದ ಪರೀಕ್ಷೆ ಒಂದಿದೆ. 130 ಮಿ.ಮೀ. ಎತ್ತರದ ಪೆಟ್ಟಿಗೆಯೊಂದನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಎರಡೂ ಕೈ ಊರಿ ಐದು ನಿಮಿಷ ನಿಂತು ನೋಡಿ. ಕಟ್ಟೆ 850 ಮಿ.ಮೀ. ಇದ್ದರೆ ನಿಮ್ಮ ಕೈ 980ರಲ್ಲಿದೆ. ಹಿತವಾಗಿದ್ದರೆ ಸ್ಟ್ಯಾಂಡಿನ ಎತ್ತರ ಸಿಕ್ಕಿತು.

ಜಾಯ್‌ಸ್ಟಿಕ್ ಮತ್ತು ಬಟನ್

ದುಡ್ಡು ಉಳಿಸಬಾರದ ಜಾಗ ಇದು. ಪರದೆ, ಕಂಪ್ಯೂಟರ್ ಹಳೆಯದಾದರೂ ನಡೆಯುತ್ತದೆ. ಕೈಗೆ ತಾಗುವ ವಸ್ತು ಸಡಿಲವಾಗಿದ್ದರೆ ಇಡೀ ಕ್ಯಾಬಿನೆಟ್ ಮೂಲೆ ಸೇರುತ್ತದೆ.

ಬಟನ್‌ನಲ್ಲಿ ಎರಡು ಪರಂಪರೆಗಳಿವೆ. ಜಪಾನಿನ ಸಾನ್ವಾ ಮಾದರಿಯವು 30 ಮಿ.ಮೀ. ತೂತಿಗೆ ಕೂರುತ್ತವೆ, ಸ್ಟಾರ್ಟ್ ಬಟನ್ 24 ಮಿ.ಮೀ. ಬೆರಳು ತಾಗಿದರೆ ಸಾಕು ಒತ್ತಿಕೊಳ್ಳುತ್ತವೆ. ಅಮೆರಿಕದ ಹ್ಯಾಪ್ ಮಾದರಿಯವಕ್ಕೆ 28 ಮಿ.ಮೀ. ತೂತು, ಒತ್ತಲು ತುಸು ಬಲ ಬೇಕು, ಟಕ್ ಎಂಬ ಸದ್ದು ಇರುತ್ತದೆ. ಆನ್‌ಲೈನ್‌ನಲ್ಲಿ ಕಿಟ್ ಆಗಿ ಬರುವ ಲೈಟ್ ಬಟನ್‌ಗಳು ಹೆಚ್ಚಾಗಿ 28ರವೇ. ಆದರೂ ಜಾಹೀರಾತಿನ ಸಂಖ್ಯೆ ನಂಬಿ ಕೊರೆಯಬೇಡಿ. ಬಟನ್‌ನ ಕುತ್ತಿಗೆಯನ್ನು ವರ್ನಿಯರ್‌ನಿಂದ ಅಳೆಯಿರಿ.

ಕುತ್ತಿಗೆಯ ಉದ್ದವನ್ನೂ ನೋಡಿ. ಸಾನ್ವಾದ ಒತ್ತಿ ಕೂರಿಸುವ ಬಟನ್ ತೆಳ್ಳನೆಯ ತಗಡು ಅಥವಾ ಅಕ್ರಿಲಿಕ್ ಫಲಕಕ್ಕಾಗಿ ಮಾಡಿದ್ದು. ಅದರ ಪಕ್ಕದ ಕೊಂಡಿಗಳು 12 ಮಿ.ಮೀ. ಪ್ಲೈವುಡ್‌ನ ಕೆಳಗಿನ ಅಂಚನ್ನು ಮುಟ್ಟುವುದೇ ಇಲ್ಲ, ಜೋರಾಗಿ ಆಡಿದಾಗ ಬಟನ್ ಮೇಲೇಳುತ್ತದೆ. ಉದ್ದ ಕುತ್ತಿಗೆಯ, ನಟ್ಟು ಹಾಕಿ ಬಿಗಿಯುವ 28ರ ಬಟನ್ 18 ಮಿ.ಮೀ. ಹಲಗೆಯನ್ನೂ ಹಿಡಿಯುತ್ತದೆ. ಮರದ ಫಲಕ ಮಾಡುವವರು ಎರಡನೆಯದನ್ನೇ ಆರಿಸಿ.

ಲೆಕ್ಕ ಹೀಗೆ: ಇಬ್ಬರಿಗೆ ಆರಾರು, ಸ್ಟಾರ್ಟ್ ಎರಡು, ನಾಣ್ಯದ ಬದಲು ಒತ್ತುವ ಕಾಯಿನ್ ಬಟನ್ ಎರಡು, ಒಟ್ಟು 16. ಎರಡು ಹೆಚ್ಚಿಗೆ ತರಿಸಿ, 18 ಆಯಿತು. ನಿಜವಾದ ಕಾಯಿನ್ ಪೆಟ್ಟಿಗೆ ಮೊದಲ ಸಲ ಬೇಡ. ನಮ್ಮ 1, 2, 5 ರೂಪಾಯಿ ನಾಣ್ಯಗಳು ಬೇರೆ ಬೇರೆ ಗಾತ್ರ, ತೂಕಗಳಲ್ಲಿ ಚಲಾವಣೆಯಲ್ಲಿವೆ. ಒಂದನ್ನು ಕಲಿಸಿದರೆ ಯಂತ್ರ ಇನ್ನೊಂದನ್ನು ಉಗುಳುತ್ತದೆ.

ಜಾಯ್‌ಸ್ಟಿಕ್‌ನಲ್ಲಿ ಮುಖ್ಯವಾದದ್ದು ತಳದಲ್ಲಿರುವ ಗೇಟ್, ಅಂದರೆ ಕೋಲಿನ ಓಟಕ್ಕೆ ಮಿತಿ ಹಾಕುವ ಪ್ಲಾಸ್ಟಿಕ್ ಚೌಕಟ್ಟು. ಎಂಟು ದಿಕ್ಕಿನ ಕೋಲಿನಲ್ಲಿ ಪ್ಯಾಕ್‌ಮ್ಯಾನ್ ಆಡಿದರೆ ತಿರುವಿನಲ್ಲಿ ಕೋಲು ಮೂಲೆಗೆ ಹೋಗಿ ಎರಡು ಸ್ವಿಚ್ ಒಟ್ಟಿಗೆ ಒತ್ತುತ್ತದೆ. ಒಂದು ಹೊತ್ತಿಗೆ ಒಂದೇ ದಿಕ್ಕು ಬರುತ್ತದೆಂದು ನಂಬಿ ಬರೆದ ಆಟಕ್ಕೆ ಯಾವ ಕಡೆ ತಿರುಗಬೇಕೆಂದು ತಿಳಿಯುವುದಿಲ್ಲ, ನೀವು ಭೂತದ ಬಾಯಿಗೆ ಬೀಳುತ್ತೀರಿ. ಸಾನ್ವಾ ಜೆಎಲ್‌ಎಫ್‌ನಂಥ ಕೋಲಿನಲ್ಲಿ ಗೇಟ್ ತಿರುಗಿಸಿ ನಾಲ್ಕು ಅಥವಾ ಎಂಟು ದಿಕ್ಕಿಗೆ ಹೊಂದಿಸಬಹುದು. ಪಟ್ಟಿಯಲ್ಲಿ ಎರಡೂ ಬಗೆಯ ಆಟಗಳಿದ್ದರೆ ಅಂಥದ್ದನ್ನೇ ಕೊಳ್ಳಿ, ಫಲಕವನ್ನು ಕೆಳಗಿನಿಂದ ಸುಲಭವಾಗಿ ತೆರೆಯುವಂತೆ ಮಾಡಿ.

ಜಾಯ್‌ಸ್ಟಿಕ್ ಫಲಕದ ಅಡಿಯಲ್ಲಿ ಕೂರುವುದರಿಂದ ಹಲಗೆ ಎಷ್ಟು ದಪ್ಪವೋ ಕೋಲು ಅಷ್ಟು ಗಿಡ್ಡವಾಗುತ್ತದೆ. 12 ಮಿ.ಮೀ. ಹಲಗೆಯಾದರೆ ಅಡಿಯಲ್ಲಿ ಜಾಯ್‌ಸ್ಟಿಕ್‌ನ ತಳದ ತಗಡಿನ ಅಳತೆಗೆ 6 ಮಿ.ಮೀ. ಆಳದ ಕುಳಿ ಮರ ಕೆತ್ತುವ ರೌಟರ್ ಯಂತ್ರದಿಂದ ತೆಗೆಸಿ. ಅದಕ್ಕಿಂತ ಆಳಕ್ಕೆ ಹೋದರೆ ಸ್ಕ್ರೂ ಹಿಡಿಯಲು ಮರವೇ ಉಳಿಯುವುದಿಲ್ಲ. ಕೋಲಿನ ತೂತು 24 ಮಿ.ಮೀ. ಸಾಕು, ಮೇಲಿನ ದುಂಡು ವಾಷರ್ ಅದನ್ನು ಮುಚ್ಚುತ್ತದೆ.

ಎನ್‌ಕೋಡರ್ ಮತ್ತು ವೈರಿಂಗ್

ಬಟನ್ ಒಂದು ಸ್ವಿಚ್ ಮಾತ್ರ. ಅದನ್ನು ಕಂಪ್ಯೂಟರಿಗೆ ಅರ್ಥ ಮಾಡಿಸುವುದು ಎನ್‌ಕೋಡರ್ ಬೋರ್ಡ್. ‘ಝೀರೋ ಡಿಲೇ’ ಎಂಬ ಹೆಸರಿನ ಅಗ್ಗದ ಯುಎಸ್‌ಬಿ ಬೋರ್ಡ್ ಆಟಗಾರನಿಗೊಂದರಂತೆ ಎರಡು ಬೇಕು. ಕಡಿಮೆ ಖರ್ಚಿನದು, ಮೊದಲ ಕ್ಯಾಬಿನೆಟ್‌ಗೆ ಸಾಲುತ್ತದೆ. ಅದರಲ್ಲಿ ಕಾಣುವ ದೋಷ ಒಂದು: ಎರಡೂ ಬೋರ್ಡ್ ಕಂಪ್ಯೂಟರಿಗೆ ಒಂದೇ ಹೆಸರು ಹೇಳುತ್ತವೆ. ರೀಸ್ಟಾರ್ಟ್ ಆದಾಗ ಕೆಲವೊಮ್ಮೆ ಒಂದನೇ ಆಟಗಾರ ಎರಡನೆಯವನಾಗುತ್ತಾನೆ. ಯುಎಸ್‌ಬಿ ವೈರುಗಳನ್ನು ಯಾವ ಪೋರ್ಟಿಗೆ ಹಾಕಿದ್ದೀರೋ ಅಲ್ಲಿಂದ ಕದಲಿಸದಿದ್ದರೆ ಇದು ಕಡಿಮೆಯಾಗುತ್ತದೆ. ಅಲ್ಟಿಮಾರ್ಕ್‌ನ ಐ-ಪ್ಯಾಕ್ 2 ಇಬ್ಬರನ್ನೂ ಒಂದೇ ಬೋರ್ಡಿನಲ್ಲಿ ಕೀಬೋರ್ಡಿನಂತೆ ತೋರಿಸುತ್ತದೆ, ಈ ಸಮಸ್ಯೆಯೇ ಇಲ್ಲ. ಆದರೆ ಬೆಲೆ ಹೆಚ್ಚು.

ವೈರಿನ ತುದಿಗೆ ಒತ್ತಿ ಹಾಕುವ ಲೋಹದ ಕೊಂಡಿ, ಅಂದರೆ ಥಿಂಬಲ್‌ನ ಅಳತೆ ಮರೆಯಬೇಡಿ. ಸಾನ್ವಾ ಬಟನ್ನಿನ ಕಾಲು 2.8 ಮಿ.ಮೀ. ಅಗಲ, ಹ್ಯಾಪ್ ಮಾದರಿಯ ಮೈಕ್ರೋಸ್ವಿಚ್‌ನದು 4.8. ತಪ್ಪು ವೈರ್ ಸೆಟ್ ತರಿಸಿದರೆ ಒಂದೋ ಕೂರುವುದಿಲ್ಲ, ಇಲ್ಲವೇ ಜಾರಿ ಬೀಳುತ್ತದೆ. ನೀವೇ ಥಿಂಬಲ್ ಒತ್ತುವುದಾದರೆ ವೈರಿನ ಸಿಪ್ಪೆಯನ್ನು 5ರಿಂದ 6 ಮಿ.ಮೀ. ತೆಗೆಯಿರಿ, ತಾಮ್ರದ ಎಳೆಗಳನ್ನು ಒಮ್ಮೆ ಹೊಸೆಯಿರಿ. ಥಿಂಬಲ್‌ನ ಮುಂದಿನ ರೆಕ್ಕೆ ತಾಮ್ರವನ್ನು, ಹಿಂದಿನ ರೆಕ್ಕೆ ಸಿಪ್ಪೆಯನ್ನು ಹಿಡಿಯುವಂತೆ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ. ಆಮೇಲೆ ಒಂದೊಂದನ್ನೂ ಎಳೆದು ನೋಡಿ. ಕೈಯಲ್ಲಿ ಕಿತ್ತುಬಂದದ್ದು ಪೆಟ್ಟಿಗೆಯೊಳಗೆ ಒಂದು ತಿಂಗಳಲ್ಲಿ ಕಿತ್ತುಬರುತ್ತಿತ್ತು.

ಐ-ಪ್ಯಾಕ್ ಥರದ ಬೋರ್ಡಿನಲ್ಲಿ ಪ್ರತಿ ಬಟನ್ನಿಗೆ ಒಂದು ಸಿಗ್ನಲ್ ವೈರು ಹೋಗುತ್ತದೆ. ಎಲ್ಲ ಬಟನ್‌ಗಳಿಗೂ ಸಾಮಾನ್ಯವಾದ ಗ್ರೌಂಡ್ ವೈರು ಮಾತ್ರ ಒಂದರಿಂದೊಂದಕ್ಕೆ ಸರಪಳಿಯಾಗಿ ಸಾಗುತ್ತದೆ. ನಾಲ್ಕನೇ ಬಟನ್‌ನಿಂದ ಮುಂದಿನವೆಲ್ಲ ಒಟ್ಟಿಗೆ ಸತ್ತರೆ ಬೋರ್ಡನ್ನು ಬೈಯಬೇಡಿ. ಮೂರು ಮತ್ತು ನಾಲ್ಕರ ನಡುವಿನ ಗ್ರೌಂಡ್ ಕಳಚಿದೆ. ಸರಪಳಿಯ ಕೊನೆಯ ತುದಿಯನ್ನೂ ಬೋರ್ಡಿನ ಗ್ರೌಂಡಿಗೆ ತಂದು ಉಂಗುರ ಮಾಡಿದರೆ ಒಂದು ಕಡೆ ಕಳಚಿದರೂ ಆಟ ನಿಲ್ಲುವುದಿಲ್ಲ.

ಜಾಯ್‌ಸ್ಟಿಕ್ ಸ್ವಿಚ್‌ಗಳಿಗೆ ಬಿಡಿ ವೈರು ಹಾಕುವಾಗ ಹೊಸಬರು ತಪ್ಪುವ ಜಾಗ ಇನ್ನೊಂದಿದೆ. ಕೋಲು ನಡುವಿನಲ್ಲಿ ಕೀಲಿನ ಮೇಲೆ ತೂಗುತ್ತದೆ. ಮೇಲ್ತುದಿಯನ್ನು ಮುಂದಕ್ಕೆ ತಳ್ಳಿದರೆ ಕೆಳತುದಿ ನಿಮ್ಮ ಕಡೆಗೆ ಬಂದು ಆ ಬದಿಯ ಸ್ವಿಚ್ ಒತ್ತುತ್ತದೆ. ಅಂದರೆ ‘ಮೇಲೆ’ ಎನ್ನುವ ವೈರು ನಿಮ್ಮ ಹೊಟ್ಟೆಯ ಕಡೆಗಿರುವ ಸ್ವಿಚ್ಚಿಗೆ ಹೋಗಬೇಕು, ‘ಎಡ’ ಬಲಗಡೆಯದಕ್ಕೆ.

ಲೈಟ್ ಬಟನ್ ತರಿಸುವುದಾದರೆ 5 ವೋಲ್ಟ್‌ನದೇ ಎಂದು ಖಚಿತ ಮಾಡಿಕೊಳ್ಳಿ. 12 ವೋಲ್ಟ್‌ನದನ್ನು ಯುಎಸ್‌ಬಿ ಬೋರ್ಡಿಗೆ ಹಾಕಿದರೆ ಮಿಣುಕುತ್ತದೆ, ಇಲ್ಲವೇ ಉರಿಯುವುದೇ ಇಲ್ಲ.

ಪರದೆ

ಹಳೆಯ ಆಟಗಳ ಚಿತ್ರ 4:3 ಅನುಪಾತದ್ದು. ಹಾಗೆಂದು ಚೌಕ ಮಾನಿಟರ್‌ಗೇ ಹಟ ಹಿಡಿಯಬೇಕಿಲ್ಲ. ಲೆಕ್ಕ ನೋಡಿ. ಹಳೆಯ 19 ಇಂಚಿನ 1280×1024 ಮಾನಿಟರ್ ನಿಜಕ್ಕೂ 5:4 ಅನುಪಾತದ್ದು. ಅದರ ಬೆಳಗುವ ಭಾಗ ಸುಮಾರು 376×301 ಮಿ.ಮೀ. ಅದರಲ್ಲಿ 4:3 ಚಿತ್ರ 376×282 ಆಗಿ, ಕರ್ಣದಲ್ಲಿ 18.5 ಇಂಚು ಬರುತ್ತದೆ. ಈಗಿನ 24 ಇಂಚಿನ 16:9 ಮಾನಿಟರ್‌ನ ಬೆಳಗುವ ಭಾಗ ಸುಮಾರು 531×299. ಅದರಲ್ಲಿ 4:3 ಚಿತ್ರ 398×299, ಕರ್ಣ 19.6 ಇಂಚು. ಅಂದರೆ ಅಗಲದ ಮಾನಿಟರ್‌ನಲ್ಲೇ ಚಿತ್ರ ತುಸು ದೊಡ್ಡದು, ಎಡಬಲದಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ ಅಷ್ಟೇ. ಇಬ್ಬರಿಗೆ ಬೇಕಾದ ಫಲಕದ ಅಗಲಕ್ಕೂ 24 ಇಂಚು ಸರಿಹೊಂದುತ್ತದೆ. ಮೊದಲ ಕ್ಯಾಬಿನೆಟ್‌ಗೆ ನಮ್ಮ ಆಯ್ಕೆ ಅದೇ. ಒಬ್ಬರೇ ಆಡುವ ಕಿರಿದಾದ ಪೆಟ್ಟಿಗೆಗೆ 19 ಇಂಚಿನ ಸೆಕೆಂಡ್ ಹ್ಯಾಂಡ್ ಚೌಕ ಮಾನಿಟರ್ ಒಳ್ಳೆಯದು. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಹುಡುಕಿ.

ಐಪಿಎಸ್ ಪ್ಯಾನೆಲ್ ಆಗಿರಲಿ. ಟಿಎನ್ ಪ್ಯಾನೆಲ್ ಓರೆಯಾಗಿ ಮಲಗಿದಾಗ ಎತ್ತರದವರಿಗೆ ಒಂದು ಬಣ್ಣ, ಮಕ್ಕಳಿಗೆ ಇನ್ನೊಂದು ಬಣ್ಣ ಕಾಣುತ್ತದೆ. ಹಿಂಬದಿಯಲ್ಲಿ 75 ಅಥವಾ 100 ಮಿ.ಮೀ. ಅಂತರದ ನಾಲ್ಕು ವೆಸಾ ತೂತು ಇರಲೇಬೇಕು, ಇಲ್ಲದಿದ್ದರೆ ಹಲಗೆಗೆ ಬಿಗಿಯುವ ಬಗೆಯಿಲ್ಲ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಮಾನಿಟರ್ ಉರಿಯುತ್ತಿರುವಾಗ ಗೋಡೆಯ ಸ್ವಿಚ್ ಆರಿಸಿ, ಹತ್ತು ಸೆಕೆಂಡು ಬಿಟ್ಟು ಹಾಕಿ. ತಾನಾಗೇ ಹೊತ್ತಿಕೊಂಡರೆ ತನ್ನಿ. ಬಟನ್ ಒತ್ತಲೇಬೇಕು ಎಂದರೆ ಬೇಡ, ಪೆಟ್ಟಿಗೆಯೊಳಗೆ ಕೂತ ಮೇಲೆ ಆ ಬಟನ್ ನಿಮ್ಮ ಕೈಗೆ ಸಿಗುವುದಿಲ್ಲ. ಟಿವಿಗಳು ಇಲ್ಲೇ ಸೋಲುವುದು ಹೆಚ್ಚು. ಹಳೆಯ ಗಾಜಿನ ಸಿಆರ್‌ಟಿ ಚಿತ್ರ ಸೊಗಸು, ಒಪ್ಪಬೇಕಾದ ಮಾತು. ಆದರೆ ಪ್ಲಗ್ ಕಿತ್ತ ಮೇಲೂ ಅದರ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಕವಚ ಬಿಚ್ಚಿದ ಸಿಆರ್‌ಟಿಯನ್ನು ಅನುಭವವಿಲ್ಲದವರು ಮುಟ್ಟಲೇಬಾರದು.

ಕಂಪ್ಯೂಟರ್ ಮತ್ತು ತಂತ್ರಾಂಶ

ತೊಂಬತ್ತರ ದಶಕದವರೆಗಿನ ಎರಡು ಆಯಾಮದ ಆಟಗಳಿಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಸಾಕು. ಆಫೀಸಿನಿಂದ ತೆಗೆದ, ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3 ಅಥವಾ ಐ5 ಪ್ರೊಸೆಸರ್ ಇರುವ ಸಣ್ಣ ಡೆಸ್ಕ್‌ಟಾಪ್ ಸಿಕ್ಕರೆ ಅದೂ ಒಳ್ಳೆಯದು. ಎಸ್‌ಎಸ್‌ಡಿ ಇರಲಿ. ಡೆಸ್ಕ್‌ಟಾಪ್‌ನ ಬಯೋಸ್‌ನಲ್ಲಿ (ಆನ್ ಆಗುವಾಗ ಮೊದಲು ಓಡುವ ಮೂಲ ತಂತ್ರಾಂಶ), ಕರೆಂಟು ಹೋಗಿ ಬಂದರೆ ತಾನಾಗೇ ಆನ್ ಆಗುವ ಆಯ್ಕೆ ಇರುತ್ತದೆ, ಅದನ್ನು ಹಾಕಿಬಿಡಿ. ಪೈ ಕೊಳ್ಳುವವರು ಫೋನ್ ಚಾರ್ಜರ್‌ನಿಂದ ನಡೆಸಬೇಡಿ. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್, ಪೈ 5ಕ್ಕೆ 5 ಆಂಪಿಯರ್ ಅಡಾಪ್ಟರ್ ಬೇಕು. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬಂದರೆ ವೋಲ್ಟೇಜ್ ಸಾಲುತ್ತಿಲ್ಲ ಎಂದರ್ಥ. ಪೈ 5ರಲ್ಲಿ ಹೆಡ್‌ಫೋನ್ ಪಿನ್ ಇಲ್ಲ ಎಂಬುದನ್ನು ಸ್ಪೀಕರ್ ಆರಿಸುವಾಗ ನೆನಪಿಡಿ.

ಬಟೊಸೆರಾ ಎಂಬ ಉಚಿತ ತಂತ್ರಾಂಶ ಪೆನ್‌ಡ್ರೈವ್‌ನಿಂದಲೇ ಬೂಟ್ ಆಗುತ್ತದೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಏನನ್ನೂ ಅಳಿಸದೆ ನೋಡಬಹುದು. ಇದರೊಳಗೆ ಹಳೆಯ ಯಂತ್ರವನ್ನು ಅನುಕರಿಸಿ ಆರ್ಕೇಡ್ ಆಟ ನಡೆಸುವ ಎಮ್ಯುಲೇಟರ್‌ಗಳಲ್ಲಿ ಮುಖ್ಯವಾದದ್ದು 1997ರಲ್ಲಿ ಶುರುವಾದ ಮೇಮ್. ಆಟದ ರಾಮ್ (ROM) ಫೈಲು, ಅಂದರೆ ಆಟದ ಚಿಪ್‌ನಲ್ಲಿದ್ದ ಮಾಹಿತಿಯ ನಕಲು, ಮೇಮ್‌ನ ಆವೃತ್ತಿಗೆ ಹೊಂದಬೇಕು. ಒಂದು ಆವೃತ್ತಿಯಲ್ಲಿ ನಡೆದದ್ದು ಇನ್ನೊಂದರಲ್ಲಿ ‘ಫೈಲು ಇಲ್ಲ’ ಎನ್ನುವುದಕ್ಕೆ ಕಾರಣ ಇದೇ. ನಿಯೋ ಜಿಯೋ ಆಟಗಳಿಗೆ ಬಯೋಸ್ ಫೈಲು ಬೇರೆ ಬೇಕು. ಇವುಗಳಿಗೆ ಹಕ್ಕುಸ್ವಾಮ್ಯ ಇದೆ. ಕಂಪನಿಗಳು ಮಾರುವ ಸಂಗ್ರಹಗಳನ್ನು ಕೊಳ್ಳಿ. ಪ್ರಯೋಗಕ್ಕೆ, ಹಕ್ಕುದಾರರು ಅನುಮತಿ ಕೊಟ್ಟ ರಾಬಿ ರೋಟೋದಂಥ ಕೆಲವು ಆಟಗಳು ಮೇಮ್‌ನ ಸ್ವಂತ ತಾಣದಲ್ಲೇ ಉಚಿತವಾಗಿವೆ. ಸಾವಿರಾರು ಆಟ ತುಂಬಿದ ಚೀನೀ ಬೋರ್ಡುಗಳು ಸುಲಭವೆನಿಸಿದರೂ ಅವುಗಳೊಳಗಿನ ಆಟಗಳಿಗೆ ಸಾಮಾನ್ಯವಾಗಿ ಪರವಾನಗಿ ಇರುವುದಿಲ್ಲ.

ಸದ್ದು, ಬೆಳಕು, ಕರೆಂಟು

ಸ್ಪೀಕರ್‌ಗೆ ತಲೆ ಕೆಡಿಸಿಕೊಳ್ಳಬೇಡಿ, ಯುಎಸ್‌ಬಿ ಪವರ್‌ನ ಪುಟ್ಟ ಕಂಪ್ಯೂಟರ್ ಸ್ಪೀಕರ್ ಬಿಚ್ಚಿ ಹಾಕಿದರೆ ನಡೆಯುತ್ತದೆ. ಬಿಡಿ ಆಂಪ್ಲಿಫೈಯರ್ ಬೇಕೆಂದರೆ ಪಿಎಎಂ 8403 ಬೋರ್ಡ್ ಅಗ್ಗ. ಅದರ ಎರಡು ಸ್ಪೀಕರ್‌ಗಳ ಮೈನಸ್ ವೈರನ್ನು ಒಟ್ಟಿಗೆ ಸೇರಿಸಬಾರದು, ಗ್ರೌಂಡಿಗೂ ಕೊಡಬಾರದು, ಚಿಪ್ ಸುಡುತ್ತದೆ. ಪೈ ಮತ್ತು ಆಂಪ್ ಒಂದೇ 5 ವೋಲ್ಟ್‌ನಿಂದ ನಡೆದರೆ ಗುಂಯ್ ಎನ್ನುವ ಸದ್ದು ಬರಬಹುದು. ಆಂಪ್‌ಗೆ ಬೇರೆ ಅಡಾಪ್ಟರ್ ಕೊಡಿ. ಕ್ಯಾಬಿನೆಟ್‌ನ ಮೇಲ್ತುದಿಯ ಹೆಸರು ಫಲಕಕ್ಕೆ 3 ಮಿ.ಮೀ. ಅಕ್ರಿಲಿಕ್, ಹಿಂದೆ 12 ವೋಲ್ಟ್ ಎಲ್‌ಇಡಿ ಪಟ್ಟಿ. ಚಿತ್ರವನ್ನು ಫ್ಲೆಕ್ಸ್ ಪ್ರಿಂಟ್ ಅಂಗಡಿಯಲ್ಲಿ ‘ಬ್ಯಾಕ್‌ಲಿಟ್’ ಎಂದು ಹೇಳಿ ಮುದ್ರಿಸಿ, ಸಾಮಾನ್ಯ ವಿನೈಲ್‌ನಲ್ಲಿ ಬೆಳಕು ಸರಿಯಾಗಿ ಹಾಯುವುದಿಲ್ಲ.

ಕರೆಂಟಿಗೆ, ಹಿಂಬದಿಯಲ್ಲಿ ಫ್ಯೂಸ್ ಮತ್ತು ಸ್ವಿಚ್ ಸೇರಿದ ಸಾಕೆಟ್ ಒಂದು, ಅದರಿಂದ ಒಳಗಿನ ಸ್ಪೈಕ್ ಗಾರ್ಡ್, ಅದಕ್ಕೆ ಎಲ್ಲ ಅಡಾಪ್ಟರ್. 230 ವೋಲ್ಟ್‌ನ ಈ ಜೋಡಣೆಯನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ, ಅರ್ಥಿಂಗ್ ಬಿಡಬೇಡಿ. ಆಟ ಮುಗಿದ ಮೇಲೆ ಮೆನುವಿನಿಂದ ಶಟ್‌ಡೌನ್ ಮಾಡಿ ನಂತರವೇ ಸ್ವಿಚ್ ಆರಿಸಬೇಕು. ನೇರ ಆರಿಸಿದರೆ ಮೆಮೊರಿ ಕಾರ್ಡಿನ ಫೈಲುಗಳು ಕೆಡಬಹುದು. ಕರೆಂಟು ಆಗಾಗ ಹೋಗುವ ಊರಾದರೆ ಸಣ್ಣ ಯುಪಿಎಸ್ ಇರಲಿ. ಗಾಳಿಗೆ ತಳದಲ್ಲಿ ತೂತು, ಹಿಂಬದಿಯ ಮೇಲ್ಭಾಗದಲ್ಲಿ 80 ಮಿ.ಮೀ. ಫ್ಯಾನ್ ಹೊರಮುಖವಾಗಿ. ಪೈ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಾನೇ ವೇಗ ತಗ್ಗಿಸುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಅಷ್ಟು ಬಿಸಿ ಬೇಗ ಬರುತ್ತದೆ.

ರಟ್ಟಿನ ಮಾದರಿ

ಮರಕ್ಕೆ ಮೊದಲು ರಟ್ಟು. ದಪ್ಪ ರಟ್ಟಿನ ಮೇಲೆ ಫಲಕದ ನಕ್ಷೆ ಪೂರ್ಣ ಅಳತೆಯಲ್ಲಿ ಬರೆದು, ತೂತು ಕೊಯ್ದು, ನಿಜವಾದ ಬಟನ್ ಮತ್ತು ಕೋಲು ಕೂರಿಸಿ, ಲ್ಯಾಪ್‌ಟಾಪ್‌ಗೆ ಜೋಡಿಸಿ ಇಬ್ಬರು ಒಂದು ಗಂಟೆ ಆಡಿ.

24 ಇಂಚಿನ ಮಾನಿಟರ್‌ಗೆ ಹೊಂದುವ 570 ಮಿ.ಮೀ. ಒಳ ಅಗಲಕ್ಕೆ ಹೀಗೆ ಶುರು ಮಾಡಬಹುದು. ಎಡ ಅಂಚಿನಿಂದ ಒಂದನೇ ಕೋಲಿನ ಕೇಂದ್ರ 75, ಬಟನ್‌ಗಳ ಮೂರು ನಿಲುವು ಸಾಲುಗಳ ಕೇಂದ್ರ 145, 181, 217. ಎರಡನೇ ಆಟಗಾರನಿಗೆ ಎಲ್ಲಕ್ಕೂ 285 ಕೂಡಿಸಿ: ಕೋಲು 360, ಬಟನ್ 430, 466, 502. ಬಲಗಡೆ 68 ಉಳಿಯುತ್ತದೆ. ಮೇಲಿನ ಮತ್ತು ಕೆಳಗಿನ ಅಡ್ಡ ಸಾಲಿನ ನಡುವೆಯೂ 36. ಮಧ್ಯದ ಬೆರಳು ಉದ್ದವಾದ್ದರಿಂದ ಎರಡನೇ ನಿಲುವು ಸಾಲನ್ನು ಮೊದಲನೆಯದಕ್ಕಿಂತ 15ರಿಂದ 18 ಮಿ.ಮೀ. ಮೇಲಕ್ಕೆ ಸರಿಸಿ. ಸ್ಟಾರ್ಟ್, ಕಾಯಿನ್ ಬಟನ್ ಅಂಗೈ ತಾಗದ ಜಾಗದಲ್ಲಿ, ಫಲಕದ ಮುಂದಿನ ನಿಲುವು ಪಟ್ಟಿಯಲ್ಲಿರಲಿ. ಮಣಿಕಟ್ಟು ಅಂಚಿಗೆ ಒತ್ತಿದರೆ ಕೋಲು ಮತ್ತು ಬಟನ್‌ಗಳನ್ನು 20 ಮಿ.ಮೀ. ಪರದೆಯ ಕಡೆಗೆ ತಳ್ಳಿ, ಇನ್ನೊಂದು ರಟ್ಟು ಕೊಯ್ಯಿರಿ. ಫಲಕದ ಅಡಿಯಲ್ಲಿ ಕನಿಷ್ಠ 70 ಮಿ.ಮೀ. ಆಳ ಖಾಲಿ ಇರಬೇಕು.

ಈಗ ಮರ

ಎಂಡಿಎಫ್ ಕೊಯ್ಯಲು ನುಣುಪು, ಬಣ್ಣಕ್ಕೆ ಚೆನ್ನ, ಆದರೆ ಮಳೆಗಾಲದ ತೇವಕ್ಕೆ ಅಂಚು ಊದುತ್ತದೆ. ಮಲೆನಾಡು, ಕರಾವಳಿಯವರು ಬಿಡಬ್ಲ್ಯೂಆರ್ (ಕುದಿನೀರು ತಾಳುವ) ದರ್ಜೆಯ ಪ್ಲೈವುಡ್ ತನ್ನಿ. ಒಣ ಊರುಗಳಲ್ಲಿ ಎಂಆರ್ (ತೇವ ತಾಳುವ) ದರ್ಜೆ ಸಾಕು. ಪಕ್ಕದ ಎರಡು ಹಲಗೆ 18 ಮಿ.ಮೀ., ಉಳಿದವು 12. ಪಕ್ಕದ ಹಲಗೆ ಸುಮಾರು 650×550 ಮಿ.ಮೀ. ಆದರೆ ಇಡೀ ಬಾರ್‌ಟಾಪ್‌ಗೆ 18ರದು ಅರ್ಧ ಶೀಟ್, 12ರದು ಅರ್ಧ ಶೀಟ್ ಸಾಲುತ್ತದೆ. ತುಂಡು ಮಾರುವ ಅಂಗಡಿಯಲ್ಲಿ ಕೇಳಿ. ಪ್ರತಿ ಕೊಯ್ತಕ್ಕೂ ಗರಗಸ 3 ಮಿ.ಮೀ. ತಿನ್ನುತ್ತದೆ, ಲೆಕ್ಕದಲ್ಲಿಡಿ.

18 ಎಂದು ಬರೆದ ಪ್ಲೈವುಡ್ 17 ಇರುವುದುಂಟು. ಸನ್‌ಮೈಕಾ ಅಂಟಿಸಿದರೆ ಮುಖಕ್ಕೆ 1 ಮಿ.ಮೀ. ಹೆಚ್ಚುತ್ತದೆ. ಎರಡೂ ಒಳಮೈಗೆ ಅಂಟಿಸಿದರೆ 570ರ ಜಾಗ 568 ಆಗುತ್ತದೆ, ಮಾನಿಟರ್ ಸಿಕ್ಕಿಕೊಳ್ಳಬಹುದು. ಒಳಗಡೆ ಬಣ್ಣ ಬಳಿದರೆ ಸಾಕು. ಕಾರ್ಪೆಂಟರ್‌ಗೆ ಯಾವಾಗಲೂ ಒಳ ಅಳತೆ ಬರೆದು ಕೊಡಿ, ಜೊತೆಗೆ ಮಾನಿಟರ್ ಅನ್ನೇ ಒಯ್ದು ತೋರಿಸಿ.

ಬಟನ್ ತೂತಿಗೆ ಬಟನ್ ಅಳತೆಯ ಫೋರ್ಸ್ಟ್‌ನರ್ ಬಿಟ್ ಅಥವಾ ಹೋಲ್ ಸಾ ಬಳಸಿ. ಹಲಗೆಯ ಅಡಿಯಲ್ಲಿ ಬೇಡದ ತುಂಡೊಂದನ್ನು ಬಿಗಿಯಾಗಿ ಕ್ಲ್ಯಾಂಪ್ ಮಾಡಿ, ಇಲ್ಲದಿದ್ದರೆ ಬಿಟ್ ಹೊರಬರುವಾಗ ಪ್ಲೈನ ಕೊನೆಯ ಪದರ ಸಿಬಿರೇಳುತ್ತದೆ. ಮೊದಲ ತೂತನ್ನು ಅದೇ ಹಲಗೆಯ ಚೂರಿನಲ್ಲಿ ಕೊರೆದು ಬಟನ್ ಹಾಕಿ ನೋಡಿ. ಅಂಚಿಗೆ ವಿದೇಶದ ಟಿ-ಮೋಲ್ಡಿಂಗ್ ಇಲ್ಲಿ ಸಿಗುವುದು ಕಷ್ಟ, ಪಿವಿಸಿ ಎಡ್ಜ್ ಬ್ಯಾಂಡ್ ಅಥವಾ ಮರದ ಬೀಡಿಂಗ್ ಪಟ್ಟಿ ಅದರ ಕೆಲಸ ಮಾಡುತ್ತದೆ.

ಜೋಡಣೆಗೆ ಪಕ್ಕದ ಹಲಗೆಗಳ ಒಳಮೈಗೆ 20×20 ಮಿ.ಮೀ. ರೀಪು ಫೆವಿಕಾಲ್ ಮತ್ತು ಸ್ಕ್ರೂನಿಂದ ಕೂರಿಸಿ, ಉಳಿದ ಹಲಗೆಗಳನ್ನು ಆ ರೀಪಿಗೆ ಒಳಗಿನಿಂದ ಬಿಗಿಯಿರಿ, ಹೊರಗೆ ಒಂದು ಸ್ಕ್ರೂ ತಲೆಯೂ ಕಾಣುವುದಿಲ್ಲ. ಬಟನ್ ಫಲಕ ಮತ್ತು ಹಿಂಬಾಗಿಲನ್ನು ಮಾತ್ರ ಅಂಟಿಸಬೇಡಿ. ಫಲಕಕ್ಕೆ ಕೀಲು, ಹಿಂಬಾಗಿಲಿಗೆ ಆರು ಸ್ಕ್ರೂ. ಹಿಂಬಾಗಿಲು ಮುಚ್ಚುವ ಮೊದಲು ಎರಡು ಗಂಟೆ ಬಿಡದೆ ಆಡಿ, ಆಮೇಲೆ ಕೈಯಿಟ್ಟು ಅಡಾಪ್ಟರ್‌ಗಳ ಬಿಸಿ ನೋಡಿ, ಸಡಿಲವಾದ ಥಿಂಬಲ್‌ಗಳನ್ನು ಮತ್ತೊಮ್ಮೆ ಒತ್ತಿ, ವೈರುಗಳನ್ನು ಫ್ಯಾನ್ ರೆಕ್ಕೆಗೆ ತಾಗದಂತೆ ಕಟ್ಟಿ.